ಮುನ್ನೂರು ರೂಪಾಯಿ ಕಥೆಯ ನಂತರದ ಹತ್ತು ವರ್ಷ

ಮೊನ್ನೆ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಸಣ್ಣ ಜಗಳ ಆಯಿತು. ಜಗಳ ಆಡಿದ್ದು ನಾನು ಮತ್ತು ನನ್ನ ಗೆಳೆಯ. ಜಗಳಕ್ಕೆ ಕಾರಣ ಯಶ್.

ಗೆಳೆಯ ಮೆಕ್ಯಾನಿಕಲ್, ನಾನು ಎಲೆಕ್ಟ್ರಾನಿಕ್ಸ್. ಇಬ್ಬರದೂ ಆರನೇ ಸೆಮ್. ಇಬ್ಬರೂ ಕಾಲೇಜಿನ ನಾಟಕ ತಂಡದಲ್ಲಿದ್ದೇವೆ. ಅವನು ರಂಗದ ಮೇಲೆ ಬಂದರೆ ಕೊನೆಯ ಸಾಲಿನವರೂ ಫೋನ್ ಕೆಳಗಿಡುತ್ತಾರೆ. ನನಗೆ ಅಷ್ಟು ಶಕ್ತಿ ಇಲ್ಲ, ಆದರೂ 'ಪರವಾಗಿಲ್ಲ' ಅನ್ನಿಸಿಕೊಂಡಿದ್ದೇನೆ. ಅವತ್ತು ಅವನು ಟೀ ಕುಡಿಯುತ್ತಾ ಫೋನಿನಲ್ಲಿ ಒಂದು ರೀಲ್ಸ್ ತೋರಿಸಿದ. ಹಿಂದೆ ಅಬ್ಬರದ ಸಂಗೀತ, ಮೇಲೆ ದಪ್ಪ ಅಕ್ಷರ: ಜೇಬಿನಲ್ಲಿ 300 ರೂಪಾಯಿ ಇಟ್ಟುಕೊಂಡು ಬೆಂಗಳೂರಿಗೆ ಬಂದ ಹುಡುಗ. ಮೂವತ್ತು ಸೆಕೆಂಡಿನಲ್ಲಿ ಕಥೆ ಬಸ್ ಸ್ಟ್ಯಾಂಡಿನಿಂದ 'ಕೆಜಿಎಫ್'ಗೆ ತಲುಪಿತು. ಫೋನ್ ಜೇಬಿಗೆ ಹಾಕಿಕೊಂಡು ಅವನು ಹೇಳಿದ, 'ಮಗಾ, ನಾನು ಪ್ಲೇಸ್‌ಮೆಂಟ್‌ಗೆ ಕೂರಲ್ಲ. ಫಾರ್ಮಲ್ಲಿ ಆಸಕ್ತಿ ಇಲ್ಲ ಅಂತ ಟಿಕ್ ಮಾಡ್ತೀನಿ.'

ಆ ಫಾರ್ಮಿನ ವಿಷಯ ಹೇಳಬೇಕು. ನಮ್ಮಲ್ಲಿ ಏಳನೇ ಸೆಮ್ ಶುರುವಾಗುವ ಹೊತ್ತಿಗೆ ಕಂಪನಿಗಳು ಬರುತ್ತವೆ. ಅದಕ್ಕೂ ಮುಂಚೆ, ಆರನೇ ಸೆಮ್‌ನಲ್ಲೇ ಪ್ಲೇಸ್‌ಮೆಂಟ್ ಸೆಲ್‌ನವರು ಎಲ್ಲರಿಂದ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಕೆಲಸ, ಉನ್ನತ ವ್ಯಾಸಂಗ, ಸ್ವಂತ ಉದ್ಯಮ, ಆಸಕ್ತಿ ಇಲ್ಲ. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಒಮ್ಮೆ ಆಸಕ್ತಿ ಇಲ್ಲ ಎಂದರೆ ಮತ್ತೆ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಕೊನೆಯ ದಿನ ಶನಿವಾರ.

'ಮನೇಲಿ ಹೇಳಿದ್ದೀಯೇನೋ?' ಎಂದೆ. 'ಯಶ್ ಎಲ್ಲರನ್ನೂ ಕೇಳಿಕೊಂಡು ಬಂದ್ರಾ?' ಎಂದ. ಮಾತು ಅಲ್ಲಿಂದ ಬೆಳೆಯಿತು. ನನ್ನನ್ನು ಪುಕ್ಕಲ ಎಂದ. ನಿನಗೆ ತಲೆ ಕೆಟ್ಟಿದೆ ಎಂದೆ. ಅರ್ಧ ಟೀ ಹಾಗೇ ತಣ್ಣಗಾಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಪುಕ್ಕಲ ಎಂಬ ಮಾತು ಚುಚ್ಚುತ್ತಿತ್ತು. ಯಾಕೆಂದರೆ ಅವನ ಆಸೆಯೇ ನನ್ನದೂ. ನಮ್ಮದು ಕತ್ರಿಗುಪ್ಪೆಯಲ್ಲಿ ಬಾಡಿಗೆ ಮನೆ. ಅಪ್ಪ ಜಯನಗರದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ನನ್ನ ಓದು ನಡೆಯುತ್ತಿರುವುದು ಬ್ಯಾಂಕಿನ ಸಾಲದಲ್ಲಿ. ಓದು ಮುಗಿದ ಮೇಲೆ ಕಂತು ಶುರುವಾಗುತ್ತದೆ. ಇಂಥ ಮನೆಯ ಹುಡುಗ 'ನಟನಾಗುತ್ತೇನೆ' ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಜೋರಾಗಿ ಹೇಳುವುದಿಲ್ಲ.

ಅವತ್ತು ರಾತ್ರಿ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ನಾವು ದಿನವೂ ಮಾತಾಡುವ ಕನ್ನಡದ ನಟ ನಟಿಯರ ಹಾದಿಯನ್ನು ಇಸವಿ ಸಮೇತ ಬರೆದುಕೊಳ್ಳುತ್ತಾ ಹೋದೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಲೆಕ್ಕ ಬರಬೇಕಲ್ಲ!

ರೀಲ್ಸ್‌ನಲ್ಲಿ ಇಲ್ಲದ ವರ್ಷಗಳು

ಮೊದಲು ಯಶ್. 300 ರೂಪಾಯಿ ಕಥೆಯನ್ನು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ, ಅದು ಸುಳ್ಳಲ್ಲ. ತಂದೆ ಸಾರಿಗೆ ಸಂಸ್ಥೆಯ ಬಸ್ ಚಾಲಕರು. ಮೈಸೂರಿನಲ್ಲಿ ಪಿಯುಸಿ ಮುಗಿಸಿ ಸಿನಿಮಾವೊಂದರಲ್ಲಿ ಸಹಾಯಕನ ಕೆಲಸ ಮಾಡಲು ಬೆಂಗಳೂರಿಗೆ ಬಂದರೆ ಆ ಸಿನಿಮಾವೇ ನಿಂತುಹೋಯಿತು. ರೀಲ್ಸ್ ಇಲ್ಲಿಂದ ನೇರವಾಗಿ 'ಕೆಜಿಎಫ್'ಗೆ ಹಾರುತ್ತದೆ. ನಡುವೆ ಏನಿತ್ತು? ಬಿ.ವಿ. ಕಾರಂತರು ಕಟ್ಟಿದ 'ಬೆನಕ' ತಂಡದಲ್ಲಿ ರಂಗದ ಹಿಂದಿನ ಕೆಲಸ ಇತ್ತು. ಆಮೇಲೆ 'ಉತ್ತರಾಯಣ', 'ನಂದಗೋಕುಲ' ಧಾರಾವಾಹಿಗಳು. 2008ರಲ್ಲಿ 'ಮೊಗ್ಗಿನ ಮನಸು'. ಅದು ನಾಲ್ವರು ಹುಡುಗಿಯರ ಕಥೆ, ಯಶ್ ಅದರಲ್ಲಿ ಪೋಷಕ ನಟ. 'ಕಿರಾತಕ' 2011ರಲ್ಲಿ, 'ಗೂಗ್ಲಿ' 2013ರಲ್ಲಿ. 'ಕೆಜಿಎಫ್' ಮೊದಲ ಭಾಗ ತೆರೆಗೆ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. 'ಮೊಗ್ಗಿನ ಮನಸು'ವಿನಿಂದ ಲೆಕ್ಕ ಹಾಕಿದರೂ ಹತ್ತು ವರ್ಷ. ಅದಕ್ಕೂ ಹಿಂದಿನ ನಾಟಕ, ಧಾರಾವಾಹಿಯ ವರ್ಷಗಳು ಬೇರೆ.

ಇನ್ನು ರಿಷಬ್ ಶೆಟ್ಟಿ. ಕುಂದಾಪುರದ ಕೆರಾಡಿಯಿಂದ ಬೆಂಗಳೂರಿಗೆ ಓದಲು ಬಂದವರು. ನೀರಿನ ಕ್ಯಾನ್ ವ್ಯಾಪಾರ ಮಾಡಿದ್ದನ್ನು, ಹೋಟೆಲಿನಲ್ಲಿ ದುಡಿದಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಚಿತ್ರ ನಿರ್ದೇಶನದ ಡಿಪ್ಲೊಮಾ ಮಾಡಿದ್ದಾರೆ. 2012ರಲ್ಲಿ 'ತುಘಲಕ್', 2013ರಲ್ಲಿ 'ಲೂಸಿಯಾ'ದಲ್ಲಿ ಸಣ್ಣ ಪಾತ್ರ, 2016ರಲ್ಲಿ 'ರಿಕ್ಕಿ' ಮತ್ತು 'ಕಿರಿಕ್ ಪಾರ್ಟಿ' ಚಿತ್ರಗಳ ನಿರ್ದೇಶನ. ಹೀರೊ ಆಗಿ 'ಬೆಲ್ ಬಾಟಂ' ಬಂದಿದ್ದು 2019ರಲ್ಲಿ. 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ. ಅದಕ್ಕೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಘೋಷಣೆಯಾಗಿದ್ದು 2024ರಲ್ಲಿ. ಇಲ್ಲಿಯೂ 2012ರಿಂದ 2022, ಸರಿಯಾಗಿ ಹತ್ತು ವರ್ಷ.

'ಕೆಜಿಎಫ್' ಬಂದಾಗ ಯಶ್ ಅವರಿಗೆ 32 ವರ್ಷ. 'ಕಾಂತಾರ' ಬಂದಾಗ ರಿಷಬ್ ಅವರಿಗೆ 39. ನಾವು ಇಪ್ಪತ್ತಕ್ಕೇ 'ನಮ್ಮ ಲೈಫು ಮುಗೀತು' ಅಂತ ಸ್ಟೇಟಸ್ ಹಾಕಿಕೊಳ್ಳುವವರು.

ಜಯನಗರ 4ನೇ ಬ್ಲಾಕ್‌ನ ಹುಡುಗ

ನಮ್ಮಂಥವರಿಗೆ ಇನ್ನೂ ಹತ್ತಿರದ ಕಥೆ ಡಾಲಿ ಧನಂಜಯ ಅವರದು. ಅರಸೀಕೆರೆ ಕಡೆಯ ಹಳ್ಳಿಯವರು. ಮೈಸೂರಿನ ಎಸ್‌ಜೆಸಿಇಯಲ್ಲಿ ಬಿಇ ಓದಿ ಇನ್ಫೊಸಿಸ್‌ನಲ್ಲಿ ಕೆಲಸ ಮಾಡಿದವರು. ನಮ್ಮ ತರಗತಿಯ ಮುಕ್ಕಾಲು ಜನರ ಕನಸು ಅಲ್ಲಿಗೆ ಮುಗಿಯುತ್ತದೆ, ಅವರ ಕಥೆ ಅಲ್ಲಿಂದ ಶುರುವಾಗುತ್ತದೆ. ಓದುವಾಗಲೇ ನಾಟಕದ ಒಡನಾಟ ಇತ್ತು. ಸತ್ಯಪ್ರಕಾಶ್ ನಿರ್ದೇಶನದ 'ಜಯನಗರ 4th ಬ್ಲಾಕ್' ಎಂಬ ಕಿರುಚಿತ್ರದಲ್ಲಿ ನಟಿಸಿದರು. ಅಪ್ಪನ ಅಂಗಡಿ ಇರುವ ಏರಿಯಾದ ಹೆಸರಿನ ಚಿತ್ರ ಅಂತ ನಾನು ಅದನ್ನು ಮೂರು ಸಲ ನೋಡಿದ್ದೇನೆ. 2013ರಲ್ಲಿ ಗುರುಪ್ರಸಾದ್ ಅವರ 'ಡೈರೆಕ್ಟರ್ಸ್ ಸ್ಪೆಷಲ್' ಮೂಲಕ ಹೀರೊ ಆದರು.

ಕಥೆ ಅಲ್ಲಿಗೆ ಸುಖಾಂತ್ಯವಾಗಬೇಕಿತ್ತು, ಆಗಲಿಲ್ಲ. 'ರಾಟೆ' ಬಂತು, 'ಬಾಕ್ಸರ್' ಬಂತು, ಟಿ.ಎಸ್. ನಾಗಾಭರಣರ 'ಅಲ್ಲಮ' ಬಂತು. ಹೀರೊ ಆಗಿಯೇ ಇದ್ದರು, ದೊಡ್ಡ ಗೆಲುವು ಮಾತ್ರ ಸಿಗಲಿಲ್ಲ. ಆಗ, 2018ರಲ್ಲಿ ತೆರೆಕಂಡ ಸೂರಿ ನಿರ್ದೇಶನದ 'ಟಗರು' ಚಿತ್ರಕ್ಕೆ ಕರೆ ಬಂತು. ಹೀರೊ ಶಿವರಾಜ್‌ಕುಮಾರ್, ಇವರದು ಖಳನ ಪಾತ್ರ. ಐದು ವರ್ಷ ಪೋಸ್ಟರ್‌ನ ನಡುವೆ ನಿಂತವರು ಪಕ್ಕಕ್ಕೆ ಸರಿಯಬೇಕು. ಅವರು ಸರಿದರು. ಆ ಪಾತ್ರದ ಹೆಸರೇ ಡಾಲಿ. ಇವತ್ತು ಅದು ಅವರ ಹೆಸರಿನ ಮೊದಲ ಅರ್ಧ ಆಗಿದೆ. ಆ ಗೆಲುವಿನ ಮೇಲೆ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದರು, 'ಬಡವ ರಾಸ್ಕಲ್' (2021) ತೆಗೆದರು.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ. ಬನಶಂಕರಿಯಿಂದ ಮುಂದೆ ಹೋದರೆ ಸಿಗುವ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಆ್ಯಂಡ್ ಪ್ರೊಡಕ್ಷನ್ ಎಂಜಿನಿಯರಿಂಗ್ ಓದಿದವರು ಸುದೀಪ್. ಆಮೇಲೆ ಮುಂಬೈನ ರೋಷನ್ ತನೇಜಾ ಅವರ ನಟನಾ ಶಾಲೆಗೆ ಹೋಗಿ ಕಲಿತರು. 1997ರ 'ತಾಯವ್ವ' ಕಣ್ಣಿಗೆ ಬೀಳಲಿಲ್ಲ. 1999ರ 'ಪ್ರತ್ಯರ್ಥ'ದಲ್ಲಿ ಪೋಷಕ ಪಾತ್ರ, 2000ದಲ್ಲಿ 'ಸ್ಪರ್ಶ', 2001ರಲ್ಲಿ 'ಹುಚ್ಚ'. ನಾವು ಕೂಗುವ 'ಕಿಚ್ಚ' ಎಂಬ ಹೆಸರು ಹುಟ್ಟಿದ್ದು ಆ ಚಿತ್ರದಿಂದ. ಮುಂದೆ ಕನ್ನಡದಲ್ಲಿ ಸ್ಟಾರ್ ಆಗಿದ್ದಾಗಲೇ 2012ರಲ್ಲಿ ತೆಲುಗಿನ 'ಈಗ' ಚಿತ್ರದಲ್ಲಿ ಒಂದು ನೊಣದ ಕೈಯಲ್ಲಿ ಸೋಲುವ ಖಳನಾದರು. ಕರ್ನಾಟಕದ ಆಚೆ ಬಹಳ ಜನ ಅವರನ್ನು ಗುರುತಿಸಿದ್ದು ಆ ಸೋಲಿನಿಂದ.

ಇವೆಲ್ಲ ಬರೆದುಕೊಂಡಾಗ ನನಗೆ ಅನ್ನಿಸಿದ್ದು ಇಷ್ಟು. ನಾವು ಈ ಕಥೆಗಳಲ್ಲಿ 'ಕೆಲಸ ಬಿಟ್ಟರು', 'ಮನೆ ಬಿಟ್ಟರು' ಎಂಬ ಒಂದು ದಿನವನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. ಅವರ ಬದುಕನ್ನು ತಿರುಗಿಸಿದ ನಿರ್ಧಾರಗಳು ಅದಾದ ಎಷ್ಟೋ ವರ್ಷದ ಮೇಲೆ ಬಂದವು. ಹೀರೊ ಆಗಿದ್ದವನು ಖಳನಾಗುವುದು, ಧಾರಾವಾಹಿಯನ್ನು ಕೀಳೆಂದು ನೋಡದಿರುವುದು, ನಟನಾಗಬೇಕೆಂದು ಬಂದವನು ನಿರ್ದೇಶನ ಕಲಿಯುವುದು. ರೀಲ್ಸ್ ಮಾಡುವವರಿಗೆ ಇದರಲ್ಲಿ ರೋಮಾಂಚನ ಕಾಣುವುದಿಲ್ಲ.

ಇಪ್ಪತ್ತಕ್ಕೇ ಗೆದ್ದರೆ?

ಹಾಗಾದರೆ ಎಲ್ಲರೂ ಹತ್ತು ವರ್ಷ ಕಾಯಲೇಬೇಕೇ? ಹಾಗೇನಿಲ್ಲ. 2016ರ ಡಿಸೆಂಬರ್ 30ರಂದು 'ಕಿರಿಕ್ ಪಾರ್ಟಿ' ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ರಕ್ಷಿತ್ ಶೆಟ್ಟಿ ಎಂಜಿನಿಯರಿಂಗ್ ಕಾಲೇಜಿನ ಬಗ್ಗೆಯೇ ಬರೆದ ಕಥೆ ಅದು. ನಾಯಕಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ. ಆಗ ಅವರಿಗೆ 20, ಈಗಿನ ನನ್ನ ವಯಸ್ಸು. ಎರಡು ವರ್ಷದೊಳಗೆ ತೆಲುಗಿನಲ್ಲಿ 'ಗೀತ ಗೋವಿಂದಂ', ಆಮೇಲೆ 'ಪುಷ್ಪ', ಹಿಂದಿಯಲ್ಲಿ 'ಅನಿಮಲ್'.

ಅವರು ಕನ್ನಡ ಬಿಟ್ಟು ಹೋದರು ಎಂದು ಬೈಯುವವರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ಬೈಯುವವರೇ ಹೈದರಾಬಾದಿನ ಕಂಪನಿ ಒಂದು ಲಕ್ಷ ಜಾಸ್ತಿ ಕೊಟ್ಟರೆ ಆ ರಾತ್ರಿಯೇ ಬ್ಯಾಗ್ ಕಟ್ಟುತ್ತಾರೆ. ಕನ್ನಡದ ಹುಡುಗಿ ಕನ್ನಡದಲ್ಲಿ ಇನ್ನಷ್ಟು ಸಿನಿಮಾ ಮಾಡಲಿ ಎಂಬ ಆಸೆ ನನಗೂ ಇದೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಲವತ್ತು ದಾಟಿದ ಹೀರೊಗಳಿಗೆ ನಾವು ಶಿಳ್ಳೆ ಹೊಡೆಯುತ್ತೇವೆ. ನಲವತ್ತು ದಾಟಿದ ನಾಯಕಿಗಾಗಿ ಬರೆದ ಕನ್ನಡ ಸಿನಿಮಾ ಎಷ್ಟು ನೋಡಿದ್ದೇವೆ? ಹುಡುಗರಿಗೆ ಸಿಗುವ ಹತ್ತು ವರ್ಷದ ಕಾಯುವ ಸಮಯ ಹುಡುಗಿಯರಿಗೆ ಸಿಗುವುದಿಲ್ಲ. ಬಂದ ಅವಕಾಶವನ್ನು ಅವರು ಬೇಗ ಹಿಡಿದರೆ ತಪ್ಪು ಹುಡುಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ದಾರಿ ರುಕ್ಮಿಣಿ ವಸಂತ್ ಅವರದು. ಬೆಂಗಳೂರಿನವರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ನಟನೆ ಕಲಿತವರು. 2019ರಲ್ಲಿ 'ಬೀರ್‌ಬಲ್' ಬಂತು. ಜನ ಅವರನ್ನು ಗುರುತಿಸಿದ್ದು 2023ರ 'ಸಪ್ತ ಸಾಗರದಾಚೆ ಎಲ್ಲೋ' ಬಂದ ಮೇಲೆ. ನಡುವೆ ನಾಲ್ಕು ವರ್ಷ. 2025ರ ಅಕ್ಟೋಬರ್ 2ಕ್ಕೆ 'ಕಾಂತಾರ ಚಾಪ್ಟರ್ 1' ಬರುವ ಹೊತ್ತಿಗೆ ಅವರು ತಮಿಳು, ತೆಲುಗಿಗೂ ಹೋಗಿ ಬಂದಿದ್ದರು. ಒಬ್ಬರು ಕೆಲಸ ಮಾಡುತ್ತಾ ಕಲಿತರು, ಇನ್ನೊಬ್ಬರು ಕಲಿತು ಕೆಲಸಕ್ಕೆ ಬಂದರು. ಎರಡೂ ನಡೆಯುತ್ತದೆ. ಏನೂ ಕಲಿಯದೆ ಆಡಿಷನ್ ಸಾಲಿನಲ್ಲಿ ನಿಂತರೆ ಮಾತ್ರ ಸಾಲು ಮುಂದಕ್ಕೆ ಹೋಗುವುದಿಲ್ಲ.

ಪ್ರಶಸ್ತಿ ಬಂದರೂ ಮುಗಿಯದ ಹಾದಿ

ಜೆ.ಪಿ. ನಗರ 7ನೇ ಹಂತದ ಕಡೆ ಹೋದಾಗಲೆಲ್ಲ ನನಗೆ ನೆನಪಾಗುವವರು ಸಂಚಾರಿ ವಿಜಯ್. 2021ರ ಜೂನ್‌ನಲ್ಲಿ ಅಲ್ಲೇ ನಡೆದ ಬೈಕ್ ಅಪಘಾತದಲ್ಲಿ ಗಾಯಗೊಂಡು ಅವರು ತೀರಿಕೊಂಡರು. ಮನೆಯವರು ಅಂಗಾಂಗ ದಾನ ಮಾಡಿದರು. ಇನ್ನೂ ನಲವತ್ತು ಆಗಿರಲಿಲ್ಲ.

ಕಡೂರು ತಾಲ್ಲೂಕಿನ ಹಳ್ಳಿಯಿಂದ ಬಂದು 'ಸಂಚಾರಿ' ರಂಗತಂಡದಲ್ಲಿ ಬೆಳೆದು, ಆ ತಂಡದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು ವಿಜಯ್. 'ನಾನು ಅವನಲ್ಲ ಅವಳು' ಚಿತ್ರದ ಪಾತ್ರಕ್ಕೆ 2015ರಲ್ಲಿ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಪಡೆದರು. ದೇಶದ ಅತ್ಯುತ್ತಮ ನಟ ಎಂದ ಮೇಲೆ ದೊಡ್ಡ ನಿರ್ಮಾಪಕರು ಮನೆ ಮುಂದೆ ಸಾಲು ನಿಂತಿರಬೇಕು ಅಂದುಕೊಳ್ಳುತ್ತೇವೆ. ಅವರು ಆಮೇಲೂ ಹೆಚ್ಚಾಗಿ ಸಣ್ಣ ಬಜೆಟ್ಟಿನ ಚಿತ್ರಗಳಲ್ಲೇ ನಟಿಸಿದರು. ಕೊರೊನಾ ಎರಡನೇ ಅಲೆಯಲ್ಲಿ ಗೆಳೆಯರ ಜೊತೆ ಸೇರಿ ಆಮ್ಲಜನಕ ತಲುಪಿಸುವ ಕೆಲಸಕ್ಕೆ ಓಡಾಡಿದರು. 'ಸ್ಟಾರ್' ಎಂಬ ಪದ ಅವರಿಗೆ ಅಂಟಿಕೊಳ್ಳಲಿಲ್ಲ. ಅವರನ್ನು ಸೋತವರು ಎನ್ನಲು ನನಗೆ ಬಾಯಿ ಬರುವುದಿಲ್ಲ. 300 ರೂಪಾಯಿ ರೀಲ್ಸ್‌ನ ಲೆಕ್ಕದಲ್ಲಿ ಮಾತ್ರ ಅವರಿಗೆ ಜಾಗವೇ ಇಲ್ಲ.

'ಗೆದ್ದೆತ್ತಿನ ಬಾಲ ಹಿಡಿಯುವುದು' ಎಂಬ ಗಾದೆ ನಮ್ಮ ಅಜ್ಜಿಯ ಬಾಯಲ್ಲಿ ಸದಾ ಇರುತ್ತದೆ. ನಾವು ಮಾಡುತ್ತಿರುವುದು ಅದನ್ನೇ. ಗೆದ್ದವರ ಹಿಂದೆ ಹೋಗಿ 'ಹೇಗೆ ಗೆದ್ದಿರಿ' ಎಂದು ಕೇಳುತ್ತೇವೆ. ಅದೇ ವರ್ಷ, ಅಷ್ಟೇ ದುಡ್ಡು ಜೇಬಿನಲ್ಲಿಟ್ಟುಕೊಂಡು, ಅದೇ ಬಸ್ಸಿನಲ್ಲಿ ಇಳಿದ ಇನ್ನೊಬ್ಬ ಹುಡುಗನನ್ನು ಯಾರೂ ಸಂದರ್ಶನ ಮಾಡಿಲ್ಲ.

ಅಂಥ ಒಬ್ಬರು ನನಗೆ ಗೊತ್ತು. ನಮ್ಮ ಕಾಲೇಜಿನ ಸೀನಿಯರ್. ಎರಡು ವರ್ಷದ ಹಿಂದೆ ಪ್ಲೇಸ್‌ಮೆಂಟ್ ಬಿಟ್ಟು ಬಿಟಿಎಂ ಲೇಔಟ್‌ನ ಪಿ.ಜಿ.ಯೊಂದರಲ್ಲಿ ಉಳಿದುಕೊಂಡರು. 'ಹೊಸಬರಿಗೆ ಅವಕಾಶ' ಎಂಬ ಪೋಸ್ಟ್ ನೋಡಿ ಒಂದು ಕಡೆ ಹೋದರು. ಫೋಟೊ ಪೋರ್ಟ್‌ಫೋಲಿಯೊಗೆ ಅಂತ 35 ಸಾವಿರ ಕೇಳಿದರು. ಊರಿನಲ್ಲಿ ಅಕ್ಕನ ಹತ್ತಿರ ಇಸಕೊಂಡು ಕೊಟ್ಟರು. ಫೋಟೊ ಬಂತು, ಸಿನಿಮಾ ಬರಲಿಲ್ಲ, ಕೊನೆಗೆ ಆ ನಂಬರೂ ಸ್ವಿಚ್ ಆಫ್ ಆಯಿತು. ಈಗ ಅವರು ರಾತ್ರಿ ಪಾಳಿಯಲ್ಲಿ ಕಾಲ್ ಸೆಂಟರಿಗೆ ಹೋಗುತ್ತಾರೆ. 'ನಟನೆ ಬರಲ್ಲ ಅಂತ ಯಾರೂ ಹೇಳ್ಲಿಲ್ಲ ಕಣೋ. ನಟನೆ ಮಾಡಿ ತೋರಿಸು ಅಂತಲೂ ಯಾರೂ ಕೇಳ್ಲಿಲ್ಲ' ಎಂದರು. ಗೆಳೆಯರೇ, ಕೆಲಸ ಕೊಡುತ್ತೇನೆ ಎನ್ನುವವರು ಕೆಲಸ ಕೇಳಿಕೊಂಡು ಬಂದವರ ಹತ್ತಿರ ಮುಂಗಡ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಡೆಪಾಸಿಟ್ ಕೇಳುವ ನಕಲಿ ಕನ್ಸಲ್ಟೆನ್ಸಿಗಳಿಗೂ ಇದೇ ಮಾತು.

ಮೂರು ಕಾಲಂ

ನನ್ನ ನೋಟ್‌ಬುಕ್ಕಿನ ಪುಟ ಕೊನೆಗೆ ಮೂರು ಕಾಲಂ ಆಯಿತು. ಒಂದು: ಆ ವರ್ಷಗಳಲ್ಲಿ ಎಲ್ಲಿ ಕಲಿತರು? ಎರಡು: ಊಟಕ್ಕೆ, ಬಾಡಿಗೆಗೆ ಯಾರು ದುಡ್ಡು ಕೊಟ್ಟರು? ಮೂರು: ಕನಸಿಗಿಂತ ಚಿಕ್ಕದಾದ ಯಾವ ಕೆಲಸವನ್ನು ಒಪ್ಪಿಕೊಂಡರು?

ಮೊದಲ ಕಾಲಂ ಎಲ್ಲರದೂ ತುಂಬಿತ್ತು. ಬೆನಕ, ಸಂಚಾರಿ, ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಂಬೈ, ಲಂಡನ್. ಮೂರನೆಯದೂ ತುಂಬಿತ್ತು. ರಂಗದ ಹಿಂದಿನ ಕೆಲಸ, ಧಾರಾವಾಹಿ, ಸಣ್ಣ ಪಾತ್ರ, ಖಳನ ಪಾತ್ರ. ಎರಡನೆಯ ಕಾಲಂನಲ್ಲಿ ಮಾತ್ರ ರಿಷಬ್ ಅವರ ನೀರಿನ ಕ್ಯಾನ್, ಧಾರಾವಾಹಿಯ ಸಂಬಳದಂಥ ಒಂದೆರಡು ಮಾತು ಬಿಟ್ಟರೆ ಉಳಿದದ್ದು ಖಾಲಿ. ಯಾಕೆಂದರೆ ವೇದಿಕೆ ಮೇಲೆ ಯಾರೂ ಅದನ್ನು ಕೇಳುವುದಿಲ್ಲ. ನಮ್ಮಂಥವರ ನಿರ್ಧಾರ ನಿಂತಿರುವುದು ಅದೇ ಕಾಲಂ ಮೇಲೆ.

ಆದ್ದರಿಂದ ಈ ಪುಟದ ಮೂಲಕ ಕೆಲವು ಮಾತು.

ಕಾಲೇಜು ಫೆಸ್ಟ್‌ಗಳಿಗೆ ನಟರನ್ನು ಕರೆಸುವ ಗೆಳೆಯರೇ, ಅವರ ಕೈಗೆ ಮೈಕ್ ಕೊಟ್ಟು 'ಒಂದು ಡೈಲಾಗ್ ಹೊಡೀರಿ ಸರ್' ಎಂದು ಮುಗಿಸಬೇಡಿ. ಹತ್ತು ನಿಮಿಷ ಕುಳ್ಳಿರಿಸಿ, ಸಿನಿಮಾ ಇಲ್ಲದ ತಿಂಗಳಲ್ಲಿ ಬಾಡಿಗೆ ಹೇಗೆ ಕಟ್ಟುತ್ತಿದ್ದಿರಿ ಎಂದು ಕೇಳಿ. ಒಂದು ಡೈಲಾಗಿಗಿಂತ ಆ ಉತ್ತರ ನಮಗೆ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ.

ಕಾಲೇಜಿನವರಿಗೆ: ನಾಟಕ ತಂಡ ಬಹುಮಾನ ತಂದಾಗ ಫೋಟೊಗೆ ನಿಲ್ಲುತ್ತೀರಿ, ತಾಲೀಮಿಗೆ ಕೊಠಡಿ ಕೇಳಿದರೆ ಬೀಗದ ಕೈ ಸಿಗುವುದಿಲ್ಲ. ಕೋಡಿಂಗ್ ಸ್ಪರ್ಧೆಗೆ ಕೊಡುವ ಹಾಜರಾತಿಯನ್ನು ನಾಟಕದ ಸ್ಪರ್ಧೆಗೂ ಕೊಡಿ.

ಅಪ್ಪ ಅಮ್ಮಂದಿರಿಗೆ: 'ಬೇಡ' ಎನ್ನುವ ಮೊದಲು 'ಎಷ್ಟು ದಿನ?' ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಮಕ್ಕಳಿಗೇ ಅರ್ಧ ವಿಷಯ ಗೊತ್ತಾಗುತ್ತದೆ.

ನಮಗೆ ನಾವೇ ಹೇಳಿಕೊಳ್ಳಬೇಕಾದ್ದು: ಕಲಿಯುವ ಜಾಗ ನಮ್ಮ ಬಾಗಿಲಲ್ಲೇ ಇದೆ. ಜೆ.ಪಿ. ನಗರ 2ನೇ ಹಂತದಲ್ಲಿ ಅರುಂಧತಿ ನಾಗ್ ಅವರು ಶಂಕರ್ ನಾಗ್ ನೆನಪಿನಲ್ಲಿ ಕಟ್ಟಿದ ರಂಗಶಂಕರ 2004ರಿಂದ ನಡೆಯುತ್ತಿದೆ. ಸೋಮವಾರ ಬಿಟ್ಟರೆ ಬಹುತೇಕ ದಿನವೂ ಅಲ್ಲಿ ನಾಟಕ ಇರುತ್ತದೆ. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಬನಶಂಕರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಮ್ಮೆ ವಾಪಸ್ ಬಂದ ಮೇಲೆ ನಾನು ಅರ್ಧ ಗಂಟೆ ಮುಂಚೆ ಹೋಗುವುದು ಕಲಿತೆ. ಪೂರ್ಣಾವಧಿ ಕಲಿಯುವವರಿಗೆ ಹೆಗ್ಗೋಡಿನ ನೀನಾಸಂ ಇದೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದಲೇ ಬಂದವರು.

ಮೊದಲು ಕೆಲಸ ಹಿಡಿದು ಸಂಜೆ ನಾಟಕ ಮಾಡುವುದು ಸುಲಭ ಎಂದು ನಾನೇನೂ ಹೇಳುತ್ತಿಲ್ಲ. ಸಿಲ್ಕ್ ಬೋರ್ಡ್ ದಾಟಿ ಮನೆಗೆ ಬರುವವರಿಗೆ ಸಂಜೆ ಎಂಬುದೇ ಇರುವುದಿಲ್ಲ. ಸಂಬಳದ ರುಚಿ ಹತ್ತಿದ ಮೇಲೆ ಬಿಡುವುದೂ ಕಷ್ಟ. ಆ ದಾರಿಯಲ್ಲೂ ಕನಸು ಸಾಯಬಹುದು. ಅದಕ್ಕೇ ಮೂರೂ ಕಾಲಂ ತುಂಬಿಸಿ ನೋಡಬೇಕು ಅನ್ನುವುದು.

ಶನಿವಾರ

ಶುಕ್ರವಾರ ರಾತ್ರಿ ಧೈರ್ಯ ಮಾಡಿ ಮನೆಯಲ್ಲಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ, ತಟ್ಟೆ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ, ಜಯನಗರ ಕಾಂಪ್ಲೆಕ್ಸಿನಲ್ಲಿ ಮುಂಚೆ ಇದ್ದ ಪುಟ್ಟಣ್ಣ ಚಿತ್ರಮಂದಿರದಲ್ಲಿ ಮೊದಲ ದಿನದ ಟಿಕೆಟ್‌ಗೆ ಕ್ಯೂ ನಿಲ್ಲುತ್ತಿದ್ದುದನ್ನು ಹೇಳಿದರು. ಬೈಗುಳ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಅಮ್ಮ ಮಷೀನಿನಿಂದ ತಲೆ ಎತ್ತದೆ ಹೇಳಿದರು, 'ಎರಡು ವರ್ಷ ನಿನ್ನ ಊಟ ನಾನು ಹಾಕ್ತೀನಿ. ಬ್ಯಾಂಕಿನ ಕಂತು ಯಾರು ಕಟ್ತಾರೆ, ಅದು ಹೇಳು.'

ನಾನು ಶನಿವಾರ 'ಕೆಲಸ' ಎಂಬುದಕ್ಕೆ ಟಿಕ್ ಹಾಕಿದೆ. ಕೆಲಸ ಸಿಕ್ಕರೆ ಸಾಲದ ಬಹುಪಾಲು ತೀರುವವರೆಗೆ ದುಡಿಯುವುದು, ಆಗ ಮತ್ತೆ ಇದೇ ಪುಟ ತೆಗೆಯುವುದು ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಅವರಿಂದಲೂ ಮಾತು ತೆಗೆದುಕೊಂಡಿದ್ದೇನೆ.

ಗೆಳೆಯ ಊರಿಗೆ ಹೋಗಿ ಬಂದ. ಮೂರು ಕಾಲಂ ಅವನಿಗೂ ತೋರಿಸಿದ್ದೆ. ಅವನ ಮನೆಯಲ್ಲಿ ತೋಟ ಇದೆ, ಅಣ್ಣ ದುಡಿಯುತ್ತಾನೆ, ಸಾಲ ಇಲ್ಲ. ಬಿಇ ಪಾಸು ಮಾಡು, ಆಮೇಲೆ ಮೂರು ವರ್ಷ ನಿನ್ನದು ಎಂದು ಅಣ್ಣ ಹೇಳಿದನಂತೆ. ಅವನು 'ಆಸಕ್ತಿ ಇಲ್ಲ' ಎಂಬುದಕ್ಕೇ ಟಿಕ್ ಹಾಕಿದ. ಅವನಿಗೆ ತಲೆ ಕೆಟ್ಟಿದೆ ಎಂದಿದ್ದನ್ನು ನಾನು ವಾಪಸ್ ತೆಗೆದುಕೊಂಡೆ. ಅವನೂ ಪುಕ್ಕಲ ಎಂದಿದ್ದನ್ನು ವಾಪಸ್ ತೆಗೆದುಕೊಂಡ, ಟೀ ದುಡ್ಡು ಮಾತ್ರ ನನ್ನ ಕೈಲೇ ಕೊಡಿಸಿದ.

ಭಾನುವಾರ ಇಬ್ಬರೂ ಬನಶಂಕರಿಯ ಹವ್ಯಾಸಿ ತಂಡವೊಂದರ ಪಾತ್ರ ಆಯ್ಕೆಗೆ ಹೋಗಿದ್ದೆವು. ಅವನಿಗೆ ಮುಖ್ಯ ಪಾತ್ರ ಸಿಕ್ಕಿತು. ನನಗೆ ಎರಡು ದೃಶ್ಯದಲ್ಲಿ ಬರುವ ಪೋಸ್ಟ್‌ಮ್ಯಾನ್ ಪಾತ್ರ, ಜೊತೆಗೆ ರಂಗದ ಹಿಂದೆ ದೀಪದ ಕೆಲಸ. ಒಪ್ಪಿಕೊಂಡಿದ್ದೇನೆ.